ಪಾಪ ಯಾರದು?

1964ರಲ್ಲಿ ಅಮೆರಿಕದಲ್ಲಿ 'ಸಿನ್ ಇನ್ ದ ಸಬರ್ಬ್ಸ್' ಎಂಬ ಕಪ್ಪು ಬಿಳುಪು ಚಿತ್ರ ಬಂತು. ನಿರ್ದೇಶಕ ಜೋ ಸಾರ್ನೋ. ಹೆಣ್ಣಿನ ಮೈ ತೋರಿಸಿ ಕಾಸು ಮಾಡುವ ಅಗ್ಗದ ಚಿತ್ರಗಳ ಸಾಲಿಗೆ ಸೇರಿದ್ದು ಅದು. ಇಂಥದ್ದನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಚರ್ಚಿಸುವುದೇ ಎಂದು ಕೆಲವರು ಹುಬ್ಬೇರಿಸಬಹುದು. ಏರಿಸಲಿ.

ಕತೆ ಇಷ್ಟೆ. ನಗರದ ಹೊರಗಿನ ಒಂದು ಅನುಕೂಲಸ್ಥ ಬಡಾವಣೆ. ಜೆರಾಲ್ಡಿನ್ ಎಂಬ ಗೃಹಿಣಿಗೆ ಬೆಳೆದ ಮಗಳಿದ್ದಾಳೆ. ಕೆಲಸದಲ್ಲೇ ಮುಳುಗಿರುವ ಗಂಡನಿಗೆ ಅವಳತ್ತ ನೋಡಲೂ ಪುರುಸೊತ್ತಿಲ್ಲ. ಅವಳು ಪರಪುರುಷನತ್ತ ಹೊರಳುತ್ತಾಳೆ. ಬಡಾವಣೆಯಲ್ಲಿ ಮುಖವಾಡ ತೊಟ್ಟವರ ಗುಪ್ತಕೂಟವೊಂದು ಹುಟ್ಟಿಕೊಳ್ಳುತ್ತದೆ. ಬಟ್ಟೆ ಕಳಚಲು ಸಿದ್ಧರಿರುವ ಈ ಜನ ಮುಖವಾಡ ಕಳಚಲು ಸಿದ್ಧರಿಲ್ಲ!

ಹೆಸರಿನಲ್ಲೇ 'ಪಾಪ' ಇದೆ. ಯಾರ ಪಾಪ? ಜೆರಾಲ್ಡಿನ್ ಮಾಡಿದ್ದನ್ನು ನಾನು ಸಮರ್ಥಿಸುವುದಿಲ್ಲ. ವ್ಯಭಿಚಾರ ವ್ಯಭಿಚಾರವೇ. ಆದರೆ ವರ್ಷಗಟ್ಟಲೆ ಅವಳ ಕಡೆ ಬೆನ್ನು ತಿರುಗಿಸಿದವನ ಲೆಕ್ಕವನ್ನು ಯಾರು ಬರೆದಿಟ್ಟರು?

1942ರಲ್ಲೇ ಇಸ್ಮತ್ ಚುಗ್ತಾಯಿ ಉರ್ದುವಿನಲ್ಲಿ 'ಲಿಹಾಫ್' ಬರೆದು ಇದೇ ಪ್ರಶ್ನೆ ಕೇಳಿದ್ದರು. ನವಾಬನ ಅಲಕ್ಷ್ಯಕ್ಕೆ ಗುರಿಯಾದ ಬೇಗಂ ಜಾನ್‌ಳ ಕತೆ ಅದು. ಅಶ್ಲೀಲವೆಂದು ಲಾಹೋರಿನ ನ್ಯಾಯಾಲಯಕ್ಕೆ ಎಳೆದದ್ದು ಲೇಖಕಿಯನ್ನು. ಕೊನೆಗೆ ಮೊಕದ್ದಮೆ ಬಿದ್ದುಹೋಯಿತು, ನಿಜ. ಆದರೆ ನವಾಬನಂಥವರನ್ನು ಕಟಕಟೆಗೆ ಕರೆದವರುಂಟೇ?

ನಲವತ್ತು ದಾಟಿದ ಮೇಲೆ ಬಯಕೆ ಕುಂದುವುದು ಅಪರಾಧವಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆ, ಮುಟ್ಟು ನಿಲ್ಲುವ ಕಾಲದ ಬದಲಾವಣೆ, ಕೆಲವು ಮಾತ್ರೆಗಳು ಕೂಡ ಅದಕ್ಕೆ ಕಾರಣವಾಗುತ್ತವೆ. ವೈದ್ಯರ ಬಳಿ ಹೋಗಬಹುದು. ಅದಕ್ಕೂ ಮೊದಲು ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದು. ನಮ್ಮಲ್ಲಿ ಆಗುವುದೇನು? ಗಂಡಸಿಗೆ ಬೇಸರವಾದರೆ ಇನ್ನೊಂದು ನಿಕಾಹಿನ ಸಲಹೆ. ಹೆಂಗಸಿಗೆ ಬೇಸರವಾದರೆ ಸಬರ್ ಮಾಡು ಎಂಬ ಉಪದೇಶ. ಸಬರ್ ಏನು ಹೆಂಗಸರಿಗೆ ಮಾತ್ರ ಇಳಿದು ಬಂತೇ?

ಒಂಬತ್ತು ಶತಮಾನಗಳ ಹಿಂದೆಯೇ ಇಮಾಮ್ ಗಜ್ಜಾಲಿಯವರು 'ಇಹ್ಯಾ ಉಲೂಮುದ್ದೀನ್'ನ ವಿವಾಹದ ಅಧ್ಯಾಯದಲ್ಲಿ, ತನ್ನ ಆಸೆ ತೀರಿತೆಂದು ಗಂಡ ಎದ್ದುಹೋಗಬಾರದು, ಹೆಂಡತಿಯ ತೃಪ್ತಿಗೂ ಕಾಯಬೇಕು ಎಂದು ವಿವರಿಸಿದ್ದಾರೆ. ಹನಫಿ ಫಿಕ್ಹ್ ಗಂಡನ ನಪುಂಸಕತೆಯ ದೂರನ್ನು ಖಾಜಿಯ ಮುಂದಿಡುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿದೆ. ಮದುವೆಯ ಸಮಯದಿಂದಲೂ ಗಂಡ ನಪುಂಸಕನಾಗಿದ್ದರೆ ವಿಚ್ಛೇದನ ಕೇಳಬಹುದೆಂದು 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯೂ ಹೇಳುತ್ತದೆ. ನಾಚದೆ ಆಡಿದ ಆ ವಿದ್ವಾಂಸರ ಮಾತನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವರು ನಾವು.

ಮನೆಯೊಳಗೆ ಆಡಬೇಕಾದ ಮಾತನ್ನು ಆಡದಿದ್ದರೆ ಅದು ಬೀದಿಯಲ್ಲಿ ಅಗ್ಗದ ಸರಕಾಗಿ ಮಾರಾಟವಾಗುತ್ತದೆ. ಸಾರ್ನೋನ ಚಿತ್ರಕ್ಕೆ ಛೀ ಎನ್ನುವವರು ಇಂದು ರಾತ್ರಿ ಒಮ್ಮೆ ಮಗ್ಗುಲು ಬದಲಿಸಿ, ಪಕ್ಕದಲ್ಲಿರುವವಳನ್ನು "ಹೇಗಿದ್ದೀಯ?" ಎಂದು ಕೇಳಲಿ. ಉತ್ತರ ಬರುವವರೆಗೂ ಎಚ್ಚರವಾಗಿರಲಿ.