ಕೌಜುಗ, ಕೋವಿ ಮತ್ತು ಸಂಯಮ

ಬೇಟೆಗಾರನಿಗೆ ಸಂಯಮವೆಲ್ಲಿಯದು ಎಂದು ಈಗಿನವರು ಕೇಳುವುದುಂಟು. ಇತ್ತು, ನಾನು ಕಂಡಿದ್ದೇನೆ. 1970ರ ದಶಕದಲ್ಲಿ ನಮ್ಮ ದೊಡ್ಡಪ್ಪನವರು ತೋಟಾ ಕೋವಿ ಹಿಡಿದು ಬಯಲುಸೀಮೆಯ ಕುರುಚಲು ಪೊದೆಗಳಲ್ಲಿ ಕೌಜುಗವನ್ನು ಅರಸುವಾಗ ನಾನು ಚೀಲ ಹೊತ್ತು ಹಿಂಬಾಲಿಸುತ್ತಿದ್ದೆ. ನೆಲದ ಮೇಲೆ ಓಡುವ ಹಕ್ಕಿಗೆ ಅವರು ಗುರಿಯಿಡುತ್ತಿರಲಿಲ್ಲ. ಬುರ್ರೆಂದು ಮೇಲೆದ್ದು ಹಾರಿದ ಮೇಲೆಯೇ ಈಡು. ಮರಿಗಳ ಜೊತೆಗಿದ್ದರೆ ಕೋವಿಯನ್ನು ಕೆಳಗಿಳಿಸುತ್ತಿದ್ದರು. ಎರಡು ಬಿದ್ದರೆ ಆ ದಿನಕ್ಕೆ ಸಾಕು. ಗಾಯಗೊಂಡು ಪೊದೆ ಸೇರಿದ ಹಕ್ಕಿಯನ್ನು ಹುಡುಕದೆ ಮುಂದೆ ಹೆಜ್ಜೆಯಿಡುತ್ತಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಮೊದಲಿಗೆ ಇಂಥ ಮರ್ಯಾದೆಯನ್ನೇ ನಿಯಮವಾಗಿಸಿತ್ತು: ಪರವಾನಗಿ ಬೇಕು, ವಾಹನದಲ್ಲಿ ಕುಳಿತು ಹೊಡೆಯಕೂಡದು, ನೀರು ಕುಡಿಯಲು ಬಂದ ಕೌಜುಗವನ್ನು ಹೊಡೆಯಕೂಡದು. 1991ರ ತಿದ್ದುಪಡಿಯು ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು. ಅದು ಸರಿಯೆಂದೇ ನನ್ನ ಅಭಿಪ್ರಾಯ. ಒಬ್ಬರ ಸಂಯಮವು ಹತ್ತು ಮಂದಿಯ ದುರಾಸೆಗೆ ತಡೆಯಾಗದು. ರಾತ್ರಿ ಜೀಪಿನ ಬೆಳಕಿನಲ್ಲಿ ಹೊಡೆಯುತ್ತಿದ್ದವರೂ ತಮ್ಮನ್ನು ಬೇಟೆಗಾರರೆಂದೇ ಕರೆದುಕೊಳ್ಳುತ್ತಿದ್ದರು.

ಆದರೆ ಕೋವಿ ಹೋದರೂ ಉರುಲು ಉಳಿದಿದೆ. ಪಂಜರದ ಕೌಜುಗವನ್ನು ಕೂಗಿಸಿ, ಆ ಕೂಗಿಗೆ ಕೆರಳಿ ಜಗಳಕ್ಕೆ ಬರುವ ಕಾಡಿನ ಹಕ್ಕಿಯನ್ನು ಹಿಡಿಯುವವರಿದ್ದಾರೆ. ಉರುಲಿಗೆ ತಾಯಿ, ಮರಿ ಎಂಬ ಭೇದವಿಲ್ಲ. ಸಾಕು ಎಂಬುದೂ ತಿಳಿಯದು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಈಗ ತಂದೆತಾಯಂದಿರು, ಕೆಲವರು ಶಿಕ್ಷಕರು. ಕಾನೂನು ಕೈಯನ್ನು ಕಟ್ಟಬಲ್ಲದು. ಸಾಕೆನ್ನುವ ಮನಸ್ಸನ್ನು ಮನೆ ಮತ್ತು ಶಾಲೆಯೇ ಕಲಿಸಬೇಕು. ಒಂದು ಮುಂಜಾನೆ ಮಕ್ಕಳನ್ನು ಹೊಲದ ಬದುವಿಗೆ ಕರೆದೊಯ್ದು ಕೌಜುಗದ ಕೂಗನ್ನು ಕೇಳಿಸಿ. ಒಮ್ಮೆ ಕೇಳಿದ ಮಗು ಉರುಲನ್ನು ಕಂಡರೆ ಬಿಚ್ಚದೆ ಬಾರದು.