ಹಡಗು ನೋಡಿದಿರಿ, ಹಿರಿಯರನ್ನು ಕೇಳಿದಿರಾ?

ದುಬೈಯ ರಶೀದ್ ಬಂದರಿನಲ್ಲಿ ಕೆಂಪು ಚಿಮಣಿಯ ಹಳೆಯ ಹಡಗೊಂದು ನಿಂತಿದೆ: ‘ಕ್ವೀನ್ ಎಲಿಜಬೆತ್ 2’. 1967ರಲ್ಲಿ ಸ್ಕಾಟ್ಲೆಂಡಿನಲ್ಲಿ ನೀರಿಗಿಳಿದು, ಲೋಕವೆಲ್ಲ ಸುತ್ತಿ, 2008ರಲ್ಲಿ ದುಬೈ ಸೇರಿತು. 2018ರಿಂದ ಅದು ಹೋಟೆಲ್. ಗಲ್ಫಿನಲ್ಲಿರುವ ನಮ್ಮ ಮಕ್ಕಳು ಅದರೆದುರು ನಿಂತು ಫೋಟೊ ತೆಗೆದು ಊರಿಗೆ ಕಳಿಸುತ್ತಾರೆ. ನೋಡಲು ಚಂದವೇ.

ಆದರೆ ಆ ಫೋಟೊ ನೋಡುವ ಅಜ್ಜನಿಗೆ ಹಡಗು ಹೊಸತಲ್ಲ. ವಿಮಾನದ ಟಿಕೆಟು ಕೈಗೆಟುಕದ ಕಾಲದಲ್ಲಿ ನಮ್ಮ ಹಿರಿಯರಲ್ಲಿ ಹಲವರು ಬೊಂಬಾಯಿಯಲ್ಲಿ ಹಡಗು ಹತ್ತಿಯೇ ಗಲ್ಫಿಗೆ ಹೋದವರು. ಆ ದಾರಿಯ ‘ದಾರಾ’ ಹಡಗು 1961ರಲ್ಲಿ ದುಬೈ ಸಮೀಪ ಸ್ಫೋಟಗೊಂಡು 238 ಮಂದಿ ಸತ್ತರು. ಹಜ್ಜಿಗೂ ಹಡಗೇ ಇತ್ತು; ಮುಂಬೈ–ಜಿದ್ದಾ ಸಮುದ್ರಯಾನ ನಿಂತದ್ದು 1995ರಲ್ಲಿ.

ಆ ಶ್ರೀಮಂತ ಹಡಗನ್ನು ದುಡ್ಡು ಸುರಿದು ಉಳಿಸಿಕೊಂಡರು. ನಮ್ಮವರನ್ನು ಹೊತ್ತ ಹಡಗುಗಳು ಈಗಿಲ್ಲ. ಉಳಿದಿರುವುದು ಹಿರಿಯರ ನೆನಪು ಮಾತ್ರ, ಅದೂ ಪ್ರತಿ ಮಯ್ಯತ್ತಿನೊಂದಿಗೆ ಮಣ್ಣು ಸೇರುತ್ತಿದೆ.

ಈ ಶುಕ್ರವಾರ ಜುಮಾ ಮುಗಿಸಿ ಬಂದು ಹಿರಿಯರ ಹತ್ತಿರ ಸ್ವಲ್ಪ ಕೂತುಕೊಳ್ಳಿ. ಯಾವ ಹಡಗು, ಎಷ್ಟು ದಿನ, ಏನು ಊಟ, ಪೆಟ್ಟಿಗೆಯಲ್ಲಿ ಏನಿತ್ತು ಎಂದು ಕೇಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಹಳೇ ಪಾಸ್‌ಪೋರ್ಟು, ಟಿಕೆಟು ಸಿಕ್ಕಿದರೆ ಗುಜರಿಗೆ ಮಾತ್ರ ಹಾಕಬೇಡಿ.