ನಾಲ್ಕು ಪೈಪು, ನಾಲ್ಕು ಜಾಗ



ತೆಕ್ಕಲಕೋಟೆಯವರಾದ ನಮಗೆ ನೀರು ಎಂದರೆ ತುಂಗಭದ್ರೆಯ ಕಾಲುವೆ ನೀರು, ಭತ್ತದ ಗದ್ದೆಯ ನೀರು. ಸಮುದ್ರ ನಮಗೆ ಬಲು ದೂರ. ಎಪ್ಪತ್ತು ದಾಟಿದ ಮೇಲೆ ಅರಬ್ಬಿ ಸಮುದ್ರದ ನಡುವೆ ದೋಣಿಯಲ್ಲಿ ಕೂತು, ಹನ್ನೆರಡು ವರ್ಷದ ಮೊಮ್ಮಗನ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟುವುದನ್ನು ನೋಡುತ್ತೇನೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಮಗ, ಸೊಸೆ, ಮೊಮ್ಮಗ, ನಾವಿಬ್ಬರು ಮುದುಕರು ಎಲ್ಲ ಸೇರಿ ಮುರ್ಡೇಶ್ವರಕ್ಕೆ ಹೋಗಿದ್ದೆವು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಸಮುದ್ರದೊಳಗೆ ನೇತ್ರಾಣಿ ಎಂಬ ನಡುಗಡ್ಡೆ ಇದೆ. ಅದರ ಸುತ್ತ ಹವಳ, ಬಣ್ಣಬಣ್ಣದ ಮೀನು. ಮಳೆಗಾಲ ಮುಗಿದ ಮೇಲೆ ಅಲ್ಲಿ ಸ್ಕೂಬಾ ಮಾಡಿಸುತ್ತಾರೆ. ಸ್ಕೂಬಾ ಎಂದರೆ ಬೆನ್ನ ಮೇಲೆ ಗಾಳಿ ಹೊತ್ತು ನೀರೊಳಗೆ ಉಸಿರಾಡುತ್ತ ಈಜುವುದು. ಮೊಮ್ಮಗ ಹಟ ಹಿಡಿದ. ನಮ್ಮವಳು “ನಾ ಗುಡಿಯಾಗ ಕೂತಿರ್ತೀನಿ, ನೀವು ಹೋಗ್ರಿ” ಎಂದಳು. ನಾನು ದೋಣಿ ಹತ್ತಿದೆ.

ಮೀನು ನೋಡಿದವನು ಮೊಮ್ಮಗ. ನಾನು ನೋಡಿದ್ದು ಪೈಪುಗಳನ್ನು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡಿದ ಕಣ್ಣು, ಬಿಟ್ಟೀತೇ? ಸಿಲಿಂಡರಿನ ತಲೆಯಿಂದ ನಾಲ್ಕು ಪೈಪು ಹೊರಟಿದ್ದವು. ತರಬೇತಿ ಕೊಡುವ ಹುಡುಗ ಒಂದೊಂದನ್ನೂ ಹಿಡಿದು, ಅದರದರ ಜಾಗಕ್ಕೆ ಒಯ್ದು, ಸಿಕ್ಕಿಸಿ, ಒಮ್ಮೆ ಎಳೆದು ನೋಡುತ್ತಿದ್ದ. ಒಂದು ಪೈಪನ್ನು ಮೂರು ಸಲ ಬಿಚ್ಚಿ ಮೂರು ಸಲ ಸಿಕ್ಕಿಸಿದ.

“ಇಷ್ಟೊಂದು ಯಾಕಪ್ಪ? ಹೆಂಗೋ ಗಾಳಿ ಬಂದ್ರೆ ಸಾಕಲ್ಲ?” ಎಂದೆ.

“ಗಾಳಿ ಬರ್ತದೆ ಅಜ್ಜ. ಬೇಕಾದಾಗ ಕೈಗೆ ಸಿಗಬೇಕಲ್ಲ” ಎಂದ.

ಆ ಹುಡುಗ ಹೇಳಿದ್ದು, ಊರಿಗೆ ಬಂದು ನಾನು ಓದಿಕೊಂಡಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ, ಕೇಳಿ.

ಆ ಸಿಲಿಂಡರಿನಲ್ಲಿ ಬರೀ ಆಮ್ಲಜನಕ ಇರುತ್ತದೆ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ನಾವು ಉಸಿರಾಡುವ ಮಾಮೂಲಿ ಗಾಳಿಯನ್ನೇ ಸೋಸಿ, ಒತ್ತಿ ತುಂಬಿರುತ್ತಾರೆ. ಒತ್ತಡ ಸುಮಾರು 200 ಬಾರ್. ಕಾರಿನ ಟೈರಿನಲ್ಲಿ ಇರುವುದು ಹತ್ತಿರ ಹತ್ತಿರ 2 ಬಾರ್. ನೂರು ಪಟ್ಟು ಹೆಚ್ಚು! ಅಷ್ಟು ಜೋರಿನ ಗಾಳಿಯನ್ನು ನೇರ ಬಾಯಿಗೆ ಬಿಡಲಾಗುವುದಿಲ್ಲ. ಅದಕ್ಕೇ ಸಿಲಿಂಡರಿನ ಮೇಲೆ ರೆಗ್ಯುಲೇಟರ್ ಕೂರಿಸುತ್ತಾರೆ. ನಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೂ ರೆಗ್ಯುಲೇಟರ್ ಇದೆಯಲ್ಲ, ಹೆಸರೂ ಒಂದೇ, ಕೆಲಸವೂ ಒಂದೇ: ಜೋರನ್ನು ಇಳಿಸುವುದು. ಸ್ಕೂಬಾದಲ್ಲಿ ಇದು ಎರಡು ಹಂತದಲ್ಲಿ ನಡೆಯುತ್ತದೆ. ಸಿಲಿಂಡರಿನ ಬಾಯಲ್ಲಿ ಒಮ್ಮೆ ಇಳಿಯುತ್ತದೆ, ಉಸಿರಾಡುವವನ ಬಾಯಲ್ಲಿರುವ ಭಾಗದಲ್ಲಿ ಇನ್ನೊಮ್ಮೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ಎಂಬ ಇಬ್ಬರು ಸೇರಿ, ಉಸಿರು ಎಳೆದಾಗ ಮಾತ್ರ ಗಾಳಿ ಕೊಡುವ ಇಂಥ ಉಪಕರಣವನ್ನು ಸಿದ್ಧಮಾಡಿದರು. ಇಂದಿನ ಸ್ಕೂಬಾಕ್ಕೆ ಅದೇ ಮೂಲ.

ಈಗ ನಾಲ್ಕು ಪೈಪುಗಳ ಲೆಕ್ಕ.

ಒಂದನೆಯದು ಬಲ ಹೆಗಲ ಮೇಲಿನಿಂದ ಬಂದು ಬಾಯಿಗೆ ಸೇರುತ್ತದೆ. ಉಸಿರಾಟಕ್ಕೆ ಇದೇ.

ಎರಡನೆಯದೂ ಸಾಮಾನ್ಯವಾಗಿ ಬಲಗಡೆಯಿಂದಲೇ ಬರುತ್ತದೆ. ಸ್ವಲ್ಪ ಉದ್ದ, ಹೆಚ್ಚಾಗಿ ಹಳದಿ ಬಣ್ಣ. ಇದರ ತುದಿಯಲ್ಲೂ ಉಸಿರಾಡುವ ಬಾಯಿ ಇದೆ. ಆದರೆ ಇದು ತನಗಲ್ಲ. ಜೊತೆಗಾರನ ಗಾಳಿ ಮುಗಿದರೆ ಅವನಿಗೆ ಕೊಡಲು. ಇದಕ್ಕೆ ಆಕ್ಟೋಪಸ್ ಎನ್ನುತ್ತಾರೆ, ಎಂಟು ಕೈಯ ಆ ಸಮುದ್ರ ಪ್ರಾಣಿಯ ಹೆಸರು. ಗದ್ದದಿಂದ ಎರಡೂ ಕಡೆಯ ಕೊನೆಯ ಪಕ್ಕೆಲುಬಿನವರೆಗೆ ಒಂದು ತ್ರಿಕೋನ ಎಳೆದುಕೊಳ್ಳಿ. ಆಕ್ಟೋಪಸ್ ಆ ತ್ರಿಕೋನದೊಳಗೇ ಇರಬೇಕು. ತರಬೇತಿ ಹುಡುಗ ಮೂರು ಸಲ ಬಿಚ್ಚಿ ಸಿಕ್ಕಿಸಿದ್ದು ಇದನ್ನೇ.

ಮೂರನೆಯದು ಎಡ ಹೆಗಲ ಮೇಲೆ ಬಂದು ತೊಟ್ಟ ಜಾಕೆಟ್ಟಿಗೆ ಗಾಳಿ ತುಂಬುತ್ತದೆ. ತೇಲಲು ಸಹಾಯ ಮಾಡುವುದು ಆ ಗಾಳಿ.

ನಾಲ್ಕನೆಯದು ಎಡ ಕಂಕುಳ ಕೆಳಗಿನಿಂದ ಬರುತ್ತದೆ. ತುದಿಯಲ್ಲಿ ಗಡಿಯಾರದಂಥ ಮೀಟರ್. ಇನ್ನೆಷ್ಟು ಗಾಳಿ ಉಳಿದಿದೆ ಎಂದು ತೋರಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಪಾಸ್‌ಬುಕ್ಕು! ಬ್ಯಾಲೆನ್ಸ್ ನೋಡದೆ ಖರ್ಚು ಮಾಡಿದವನ ಗತಿ ಏನೆಂದು ನಿಮಗೆ ನಾನು ಹೇಳಬೇಕಿಲ್ಲ.

ಈ ಪೈಪುಗಳನ್ನು ಹಾಗೇ ಜೋತಾಡಲು ಬಿಟ್ಟರೆ? ಈಜುವಾಗ ಮನುಷ್ಯ ನೀರಿನಲ್ಲಿ ಬೋರಲಾಗಿ ಮಲಗಿದಂತೆ ಇರುತ್ತಾನೆ. ಜೋತ ಮೀಟರ್ ತಳಕ್ಕೆ ತಾಗುತ್ತ ಹೋಗುತ್ತದೆ. ಹವಳದ ಕೊಂಬೆಗೆ ಬಡಿದರೆ, ವರ್ಷಗಟ್ಟಲೆ ಬೆಳೆದ ಹವಳ ಒಂದೇ ಏಟಿಗೆ ಮುರಿಯುತ್ತದೆ. ಜೋತ ಆಕ್ಟೋಪಸ್ಸಿನೊಳಗೆ ಮರಳು ಸೇರುತ್ತದೆ. ಹಳೆಯ ಬಲೆ, ಹಗ್ಗ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡದು, ಗಾಬರಿಯಾದಾಗ ಕೈ ಎದೆಯ ಹತ್ತಿರ ಹುಡುಕುತ್ತದೆ, ಪೈಪು ಬೆನ್ನ ಹಿಂದೆ ಎಲ್ಲೋ ತೇಲುತ್ತಿರುತ್ತದೆ.

ನಮ್ಮ ಹೊಲದ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಭತ್ತ ಬಡಿಯುವ ಮಷೀನಿನ ಹತ್ತಿರ ಹೋಗುವ ಮೊದಲು ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸುತ್ತಾರೆ. ಜೋತಾಡುವುದೇನೂ ಇರಬಾರದು, ಅಷ್ಟೇ.

ಹಾಗಂತ ಎಲ್ಲವನ್ನೂ ಬಿಗಿದು ಕಟ್ಟಿದರೂ ತಪ್ಪು. ಪೈಪನ್ನು ಲೋಹದ ಮೂತಿಯ ಹತ್ತಿರವೇ ಮುರಿದಂತೆ ಬಗ್ಗಿಸಿದರೆ ಅಲ್ಲೇ ಬಿರುಕು ಬಿಡುತ್ತದೆ. ಕಟ್ಟುವುದರಲ್ಲೂ ಎರಡು ಬಗೆ ಇದೆ. ತಾನು ಮಾತ್ರ ನೋಡುವ ಮೀಟರನ್ನು ಗಟ್ಟಿ ಕೊಂಡಿಯಿಂದ ಜಾಕೆಟ್ಟಿನ ಬಳೆಗೆ ಹಾಕಬಹುದು. ಆದರೆ ಇನ್ನೊಬ್ಬರಿಗೆ ಕೊಡಬೇಕಾದ ಆಕ್ಟೋಪಸ್ಸನ್ನು ಒಂದೇ ಜಗ್ಗಿಗೆ ಕಿತ್ತು ಬರುವಂತೆ ಸಿಕ್ಕಿಸಬೇಕು. ತಾನಾಗಿ ಬೀಳಬಾರದು, ಜಗ್ಗಿದರೆ ತಡೆಯಬಾರದು. ಆಳಕ್ಕೆ ಹೋಗುವ ಅನುಭವಿಗಳು ಕೊಂಡಿಯನ್ನು ಪೈಪಿಗೆ ಲೋಹದಿಂದ ಕೂಡಿಸುವುದಿಲ್ಲ, ಗಟ್ಟಿ ದಾರದಿಂದ ಕಟ್ಟುತ್ತಾರೆ. ಕೊಂಡಿ ಸಿಕ್ಕಿಕೊಂಡರೆ ದಾರವನ್ನು ಚಾಕುವಿನಿಂದ ಕೊಯ್ಯಬಹುದಲ್ಲ!

ಅಮೆರಿಕದ ಫ್ಲೋರಿಡಾದಲ್ಲಿ ನೀರು ತುಂಬಿದ ಗುಹೆಗಳೊಳಗೆ ಈಜುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರ ಉಸಿರಾಟದ ಪೈಪು ಸುಮಾರು ಎರಡು ಮೀಟರ್ ಉದ್ದ. ಅದನ್ನು ಎದೆಯ ಮೇಲೆ ಹಾಯಿಸಿ, ಕುತ್ತಿಗೆಯ ಹಿಂದಿನಿಂದ ಸುತ್ತಿ ಬಾಯಿಗೆ ತರುತ್ತಾರೆ. ಎರಡನೆಯ ಬಾಯಿಯನ್ನು ರಬ್ಬರ್ ದಾರದಲ್ಲಿ ಕಟ್ಟಿ, ತಾಳಿಯ ಹಾಗೆ ಕೊರಳಿಗೇ ಹಾಕಿಕೊಳ್ಳುತ್ತಾರೆ. ಜೊತೆಗಾರನಿಗೆ ಗಾಳಿ ಮುಗಿದರೆ, ತನ್ನ ಬಾಯಲ್ಲಿರುವುದನ್ನೇ ತೆಗೆದು ಕೊಡುತ್ತಾರೆ, ತಾವು ಕೊರಳಲ್ಲಿರುವುದನ್ನು ಕಚ್ಚಿಕೊಳ್ಳುತ್ತಾರೆ. ಏಕೆಂದರೆ ಬಾಯಲ್ಲಿರುವುದು ಕೆಲಸ ಮಾಡುತ್ತಿದೆ ಎಂಬುದು ಖಾತ್ರಿ. ಉದ್ದ ಏಕೆ ಎಂದರೆ, ಇಕ್ಕಟ್ಟಾದ ಗುಹೆಯಿಂದ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಹೊರಗೆ ಬರಬೇಕು.

ದೋಣಿಯಲ್ಲಿ ಇಳಿಯುವ ಮೊದಲು ತರಬೇತಿ ಹುಡುಗ ಮೊಮ್ಮಗನಿಗೆ, “ಕಣ್ಣು ಮುಚ್ಚು. ಹಳದಿ ಪೈಪು ಮುಟ್ಟು” ಎಂದ. ಮುಟ್ಟಿದ. “ಮೀಟರ್?” ಮುಟ್ಟಿದ. “ನಂದು ಮುಟ್ಟು.” ಅದನ್ನೂ ಮುಟ್ಟಿದ. ಆಮೇಲೆಯೇ ಕೈ ಹಿಡಿದು ನೀರಿಗೆ ಇಳಿಸಿದ್ದು.

ಆಗ ನನಗೆ ನಲವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ನಾನಿದ್ದ ಒಂದು ಶಾಖೆಯಲ್ಲಿ ಸ್ವಿಚ್ ಬೋರ್ಡಿನಿಂದ ಕಿಡಿ ಹಾರಿ, ಪಕ್ಕದ ಕಾಗದದ ಕಟ್ಟಿಗೆ ಬೆಂಕಿ ಹತ್ತಿತು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನಮ್ಮಲ್ಲಿತ್ತು. ರಿಜಿಸ್ಟರಿನಲ್ಲಿ ನಮೂದಾಗಿತ್ತು, ಪ್ರತಿ ವರ್ಷ ಟಿಕ್ ಬೀಳುತ್ತಿತ್ತು. ಆದರೆ ಅದರ ಮುಂದೆ ಹಳೆಯ ಲೆಡ್ಜರುಗಳನ್ನು ಎದೆಮಟ್ಟ ಒಟ್ಟಿತ್ತು. ಅವನ್ನು ಕಿತ್ತೆಸೆದು ಸಿಲಿಂಡರ್ ತೆಗೆಯುವಷ್ಟರಲ್ಲಿ ನಮ್ಮ ಜವಾನ ಗೋಣಿಚೀಲದಿಂದ ಬಡಿದು ಬೆಂಕಿ ಆರಿಸಿದ್ದ. ಅವನ ಎರಡೂ ಅಂಗೈ ಸುಟ್ಟಿತ್ತು. ತಿಂಗಳುಗಟ್ಟಲೆ ಅವನು ಟೀ ಲೋಟ ಹಿಡಿಯುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಆ ಲೆಡ್ಜರುಗಳನ್ನು ಅಲ್ಲಿ ಒಟ್ಟಿದವನು ನಾನೇ.

ಇದೆ ಎನ್ನುವುದು ಬೇರೆ, ಕೈಗೆ ಸಿಗುತ್ತದೆ ಎನ್ನುವುದು ಬೇರೆ. ಲೆಕ್ಕದ ಪುಸ್ತಕಕ್ಕೆ ಮೊದಲನೆಯದು ಸಾಕು. ಜೀವಕ್ಕೆ ಎರಡನೆಯದೇ ಬೇಕು.

ಸುಮಾರು ಅರ್ಧ ಗಂಟೆಯ ಮೇಲೆ ಮೊಮ್ಮಗ ನೀರಿನಿಂದ ಎದ್ದು ಬಂದ. “ತಾತ, ಮೀನು ಮೂಗಿನ ಹತ್ರನೇ ಬಂತು!” ಎಂದ. ಹಳದಿ ಪೈಪು ಸಿಕ್ಕಿಸಿದ ಜಾಗದಲ್ಲೇ ಇತ್ತು. ಯಾರಿಗೂ ಬೇಕಾಗಿರಲಿಲ್ಲ. ಅದು ಹಾಗೇ ಇರಲಿ.

ಈ ವಾರದ ಕೆಲಸ, ತಾತ-ಮೊಮ್ಮಕ್ಕಳು ಸೇರಿ ಮಾಡುವಂಥದ್ದು. ಅಡುಗೆಮನೆಗೆ ಹೋಗಿ. ಒಲೆ ಆರಿರಲಿ. ಗ್ಯಾಸಿನ ಕಿತ್ತಳೆ ಬಣ್ಣದ ಪೈಪು ನೋಡಿ. ಒಲೆಯ ಹಿಂದೆ ಬಿಸಿ ಪಾತ್ರೆಗೆ ತಾಗುತ್ತದೆಯೇ? ಸಿಲಿಂಡರಿನ ಹತ್ತಿರ ಮಡಚಿದೆಯೇ? ಬಿರುಕಿದೆಯೇ? ಮೇಲೆ ಅಚ್ಚಾದ ತಾರೀಖು ಅಜ್ಜನಿಗೆ ಕಾಣದಿದ್ದರೆ ಮಕ್ಕಳು ಓದಿ ಹೇಳಿ. ಐದು ವರ್ಷ ಆಗಿದ್ದರೆ ಬದಲಿಸಲು ಅಪ್ಪನಿಗೆ ಹೇಳಿ. ಕೊನೆಗೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಕಣ್ಣು ಮುಚ್ಚಿ, ರೆಗ್ಯುಲೇಟರಿನ ಗುಬುಟು ಮುಟ್ಟಿ ತೋರಿಸಿ. ಅಡ್ಡ ಏನಾದರೂ, ಈರುಳ್ಳಿ ಬುಟ್ಟಿಯೋ ಅಕ್ಕಿ ಡಬ್ಬಿಯೋ, ಕೈಗೆ ತಗುಲಿದರೆ ಅದನ್ನು ಅಲ್ಲಿಂದ ಎತ್ತಿಡಿ. ಇವತ್ತೇ.

ಮುಂದಿನ ವಾರ ಸಿಗೋಣ.